ಕತ್ತರಿಸಿ ಹಾಕಿದ ಕಾರ್ಡಿಗೂ ಬಿಲ್ ಬಂತು

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದವರೊಬ್ಬರ ಕತೆ ಇದು. ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯಿಸಿದೀನಿ, ಟೀಚರ್ ಅಂತಷ್ಟೇ ಕರೀತೀನಿ. ನಿದ್ದೆ ಬರಲ್ಲ, ಫೋನ್ ರಿಂಗಾದ್ರೆ ಸಾಕು ಎದೆ ಡವಡವ ಅನ್ನುತ್ತೆ ಅಂತ ಬಂದಿದ್ರು. ಅರ್ಧ ಗಂಟೆ ಸ್ಕೂಲು, ಮನೆ, ಅತ್ತೆ ಆರೋಗ್ಯ ಎಲ್ಲಾ ಹೇಳಿದ್ಮೇಲೆ ಬ್ಯಾಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಟೇಬಲ್ ಮೇಲಿಟ್ರು. ಒಳಗೆ ಕತ್ತರೀಲಿ ಎರಡು ತುಂಡು ಮಾಡಿದ ಕ್ರೆಡಿಟ್ ಕಾರ್ಡು, ಜೊತೆಗೆ ಒಡೆಯದೇ ಇರೋ ಐದಾರು ಲಕೋಟೆ.

"ಒಂದ್ಸಲಾನೂ ಉಜ್ಜಿಲ್ಲ ಮೇಡಂ, ಸ್ಟಾಫ್‌ರೂಮಿಗೆ ಬಂದ ಹುಡುಗ ಲೈಫ್‌ಟೈಮ್ ಫ್ರೀ ಅಂದ, ಸೈನ್ ಹಾಕಿದೆ, ಓಟಿಪಿ ಕೊಟ್ಟೆ. ಯಜಮಾನ್ರು ಕಾರ್ಡೆಲ್ಲಾ ಬೇಡ ಅಂದಿದ್ರು, ಅದಕ್ಕೆ ಹೇಳ್ದೆ ಕತ್ತರಿಸಿ ಹಾಕ್ಬಿಟ್ಟೆ. ನಾನು ಮಕ್ಕಳಿಗೆ ಲೆಕ್ಕ ಹೇಳ್ಕೊಡೋಳು ಮೇಡಂ!"

ಆ ಕೊನೇ ಮಾತು ಹೇಳುವಾಗ ಅತ್ತುಬಿಟ್ರು. ದುಡ್ಡಿಗಿಂತ ಆ ನಾಚಿಕೆನೇ ಅವರನ್ನ ತಿಂತಾ ಇತ್ತು, ನಾಚಿಕೆಗೇ ಲಕೋಟೆ ಒಡೀತಿರ್ಲಿಲ್ಲ, ಒಡೀದೆ ಇದ್ದಿದ್ದಕ್ಕೇ ಬಿಲ್ ಬೆಳೀತಿತ್ತು. ಸುಮ್ನೆ ಧೈರ್ಯ ಹೇಳಿದ್ರೆ ಆಗಲ್ಲ ಅನ್ನಿಸ್ತು. ಬನ್ನಿ, ಇಬ್ರೂ ಸೇರಿ ಒಡೆಯೋಣ ಅಂದೆ, ಕೈಗೆ ಪೆನ್ಸಿಲ್ ಕೊಟ್ಟೆ. ಮೊದಲನೇ ವರ್ಷ ಮಾತ್ರ ಫ್ರೀ, ಎರಡನೇ ವರ್ಷಕ್ಕೆ ವಾರ್ಷಿಕ ಫೀ 499, ಅದರ ಮೇಲೆ 18% ಜಿಎಸ್‌ಟಿ, 588 ರೂಪಾಯಿ 82 ಪೈಸೆ. ಆಮೇಲೆ ತಿಂಗಳು ತಿಂಗಳೂ ಲೇಟ್ ಫೀ, ಬಡ್ಡಿ, ಅದಕ್ಕೂ ಜಿಎಸ್‌ಟಿ ಸೇರಿ ಮೂರು ಸಾವಿರ ದಾಟಿತ್ತು. ಕೂಡ್ತಾ ಕೂಡ್ತಾ ಅವರ ಕೈ ನಡುಗೋದು ನಿಂತಿತ್ತು.

ನಾನು ಹೇಳಿದ್ದು ಇಷ್ಟು. ಕಾರ್ಡ್ ತುಂಡು ಮಾಡಿದ್ರೆ ಅಕೌಂಟ್ ಕ್ಲೋಸ್ ಆಗಲ್ಲ, ಬರವಣಿಗೇಲೇ ಕೇಳ್ಬೇಕು, ಕಂಪ್ಲೇಂಟ್ ನಂಬರ್ ತಗೊಳ್ಬೇಕು. ಬಾಕಿ ಇಲ್ದೆ ಇದ್ರೆ 7 ವರ್ಕಿಂಗ್ ಡೇಸಲ್ಲಿ ಕ್ಲೋಸ್ ಮಾಡ್ಬೇಕು, ತಡ ಮಾಡಿದ್ರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ಕೊಡ್ಬೇಕು ಅಂತ ಆರ್‌ಬಿಐ ನಿಯಮದಲ್ಲಿದೆ. ಕಟ್ಟದೇ ಉಳಿದ ಫೀ, ಟ್ಯಾಕ್ಸನ್ನ ಅಸಲಿಗೆ ಸೇರಿಸಿ ಬಡ್ಡಿ ಹಾಕೋ ಹಾಗಿಲ್ಲ ಅಂತಾನೂ ಅದರಲ್ಲೇ ಇದೆ, ನೀವು ಏನೂ ಖರೀದಿನೇ ಮಾಡಿಲ್ಲ, ಹಾಗಾದ್ರೆ ಈ ಬಡ್ಡಿ ಯಾವುದಕ್ಕೆ ಅಂತ ಮೇಲ್‌ನಲ್ಲಿ ಕೇಳಿ. ಕೇಳದೇ ಕಳಿಸಿದ ಕಾರ್ಡಾಗಿದ್ರೆ ಪೂರ್ತಿ ವಾಪಸ್ ಜೊತೆಗೆ ಎರಡು ಪಟ್ಟು ದಂಡ ಸಿಕ್ತಿತ್ತು, ಆದ್ರೆ ನಿಮ್ಮ ಸೈನ್ ಇದೆ, ಆ ಆಸೆ ಇಟ್ಕೋಬೇಡಿ ಅಂತಾನೂ ಹೇಳ್ದೆ, ಸುಳ್ಳು ಸಮಾಧಾನ ನನಗೆ ಇಷ್ಟ ಇಲ್ಲ. 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದ್ರೆ ಬ್ಯಾಂಕ್ ಮೇಲಿನ ದೂರು ವಿಚಾರಿಸೋ ಅಧಿಕಾರಿಗೆ ದೂರು, ಅದಕ್ಕೆ ಫೀಸಿಲ್ಲ. ರಾತ್ರಿ ಎಂಟೂವರೆಗೆ ಕಾಲ್ ಬರುತ್ತಲ್ಲ, ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ ಸಂಜೆ 7ರ ಮೇಲೆ ಕರೆ ಮಾಡೋ ಹಾಗಿಲ್ಲ, ಟೈಮ್ ಬರೆದಿಟ್ಕೊಳ್ಳಿ ಅಂದೆ. ಯಜಮಾನ್ರಿಗೆ ಹೇಳೋದು ನಿಮ್ಮಿಷ್ಟ, ಆದ್ರೆ ಬಚ್ಚಿಡೋ ಭಾರಕ್ಕೇ ನಿದ್ದೆ ಹೋಗ್ತಿರಬಹುದು, ಯೋಚ್ನೆ ಮಾಡಿ ಅಂದೆ.

ಮೂರನೇ ಭೇಟಿಗೆ ಬರುವಾಗ ಬ್ಯಾಂಕಿನವರು ಲೇಟ್ ಫೀ, ಬಡ್ಡಿ ಎರಡೂ ತೆಗೆದಿದ್ರು, ವಾರ್ಷಿಕ ಫೀ ಮಾತ್ರ ಬಿಟ್ಟಿರ್ಲಿಲ್ಲ. ಆ 588 ರೂಪಾಯಿ 82 ಪೈಸೆ ಕಟ್ಟಿ ಕ್ಲೋಸ್ ಆದ ಮೇಲ್ ಪ್ರಿಂಟ್ ತಂದಿದ್ರು. ಇನ್ನೆರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ (ನಮ್ಮ ಸಾಲ, ಕಾರ್ಡುಗಳ ದಾಖಲೆ) ತೆಗೆದು ನೋಡಿ, ವರ್ಷಕ್ಕೊಂದು ಫ್ರೀ ಸಿಗುತ್ತೆ ಅಂದಿದೀನಿ. ಮನೇಲೂ ಹೇಳಿದಾರೆ. ದುಡ್ಡು ಹೋಗ್ಲಿ, ನನಗ್ಯಾಕೆ ಹೇಳ್ಲಿಲ್ಲ ಅಂತ ಯಜಮಾನ್ರು ಎರಡು ದಿನ ಮಾತು ಬಿಟ್ಟಿದ್ರಂತೆ. ಮುಂದಿನ ವಾರ ಇಬ್ರೂ ಬರ್ತಾರೆ.