ಗಣಿಯ ಆಯುಸ್ಸು ಮತ್ತು ಸಾಲದ ಆಯುಸ್ಸು

ಪ್ರಶ್ನೆ: ನಾನು ಷೇರು ಕೊಳ್ಳಬೇಕೆಂದಿರುವ ಚಿನ್ನದ ಗಣಿ ಕಂಪನಿ ವರ್ಷಕ್ಕೆ 2 ಲಕ್ಷ ಔನ್ಸ್ ಚಿನ್ನ ತೆಗೆಯುತ್ತದೆ. ಔನ್ಸಿಗೆ ಸಿಕ್ಕ ಬೆಲೆ 2,000 ಡಾಲರ್, ಎಐಎಸ್‌ಸಿ ವೆಚ್ಚ (ಆಲ್-ಇನ್ ಸಸ್ಟೇನಿಂಗ್ ಕಾಸ್ಟ್, ಅಂದರೆ ಗಣಿಯನ್ನು ನಡೆಸಿಕೊಂಡು ಹೋಗಲು ಔನ್ಸಿಗೆ ಬೀಳುವ ಖರ್ಚು) 1,500. ನಿವ್ವಳ ಸಾಲ 40 ಕೋಟಿ ಡಾಲರ್, ಬಡ್ಡಿ ಶೇ 8. ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ) 18 ಕೋಟಿ, ಅಂದರೆ ಸಾಲ ಅದರ 2.2 ಪಟ್ಟು ಮಾತ್ರ. ನಿಕ್ಷೇಪ ಇನ್ನು 6 ವರ್ಷಕ್ಕೆ ಸಾಕು. ಈ ಸಾಲ ಹೆಚ್ಚೇ?

ಉತ್ತರ: ಹೆಚ್ಚು. ನೀವು ಕೊನೆಯಲ್ಲಿ ಬರೆದ ಆ 6 ವರ್ಷವೇ ಕಾರಣ. ಗಣಿ ಎಂದರೆ ಅಗೆದಷ್ಟೂ ಬರಿದಾಗುವ ಆಸ್ತಿ. ಅದಿರು ಮುಗಿಯುವ ಮೊದಲೇ ಸಾಲ ತೀರಬೇಕು. ಸಾಲ ತೀರುವ ಹೊತ್ತಿಗೂ ಒಂದಿಷ್ಟು ನಿಕ್ಷೇಪ ಉಳಿದಿರಬೇಕೆಂದು ಬ್ಯಾಂಕುಗಳು ಷರತ್ತು ಹಾಕುವುದೂ ಇದಕ್ಕೇ.

ಎಬಿಟ್ಡಾಕ್ಕೆ ಈ ಆಯುಸ್ಸು ಕಾಣುವುದಿಲ್ಲ. ಹಳೆಯ ಯಂತ್ರ ಬದಲಿಸಿದ್ದು, ಹೊಸ ಸುರಂಗ ಕೊರೆದದ್ದು ಬಂಡವಾಳ ವೆಚ್ಚವಾಗಿ ದಾಖಲಾಗುವುದರಿಂದ ಅಲ್ಲಿ ಕಳೆಯುವುದೇ ಇಲ್ಲ. ವರ್ಲ್ಡ್ ಗೋಲ್ಡ್ ಕೌನ್ಸಿಲ್ 2013ರಲ್ಲಿ ಎಐಎಸ್‌ಸಿ ಅಳತೆಯನ್ನು ತಂದದ್ದು ಗಣಿಯನ್ನು ನಡೆಸಿಕೊಂಡು ಹೋಗುವ ಇಂಥ ಖರ್ಚನ್ನೂ ತೋರಿಸಲೆಂದು. ಆದರೆ ಹೆಸರಲ್ಲಿ 'ಆಲ್-ಇನ್' ಇದ್ದರೂ ಬಡ್ಡಿ, ಆದಾಯ ತೆರಿಗೆ, ಹೊಸ ಯೋಜನೆಗಳ ವೆಚ್ಚ ಅದರೊಳಗಿಲ್ಲ. ಅನೇಕರು ಎಡವುವುದು ಇಲ್ಲೇ.

ಲೆಕ್ಕ ಹಾಕಿ. ಔನ್ಸಿಗೆ ಉಳಿಯುವುದು 500 ಡಾಲರ್, ವರ್ಷಕ್ಕೆ 10 ಕೋಟಿ. ತೆರಿಗೆ 2 ಕೋಟಿ ಎಂದಿಟ್ಟುಕೊಂಡರೆ ಬಡ್ಡಿಗೂ ಅಸಲಿಗೂ ಸೇರಿ 8 ಕೋಟಿ. ಮೊದಲ ವರ್ಷದ ಬಡ್ಡಿಯೇ 3.2 ಕೋಟಿ. ಅಸಲು ಕರಗಿದಂತೆ ಬಡ್ಡಿ ಇಳಿಯುವುದನ್ನು ಗಣನೆಗೆ ತೆಗೆದುಕೊಂಡರೂ ಸಾಲ ತೀರಲು ಆರೂವರೆ ವರ್ಷ ದಾಟುತ್ತದೆ. ಅದಿರು ಆರಕ್ಕೇ ಮುಗಿಯುತ್ತದೆ. ಅದೂ ಲಾಭಾಂಶವಾಗಿ ಒಂದು ಡಾಲರನ್ನೂ ಹಂಚದೆ! ಇನ್ನು ಬೆಲೆ ಶೇ 10ರಷ್ಟು ಕುಸಿದು 1,800ಕ್ಕೆ ಬಂದರೆ ಉಳಿಕೆ 6 ಕೋಟಿ, ತೆರಿಗೆ 1 ಕೋಟಿಗೆ ಇಳಿದರೂ ಕೈಯಲ್ಲಿ 5 ಕೋಟಿ. ಆಗ ಸಾಲ ತೀರಲು 13 ವರ್ಷ ಬೇಕು.

ವರದಿಯಲ್ಲಿ ಇನ್ನೆರಡು ಕಡೆ ಕಣ್ಣಿಡಿ. ಒಂದು ತ್ರೈಮಾಸಿಕದ ನಗದು ಹರಿವು ಇದ್ದಕ್ಕಿದ್ದಂತೆ ಉಬ್ಬಿದ್ದರೆ, ಸರಬರಾಜುದಾರರ ಬಾಕಿಯನ್ನು ಮುಂದೂಡಿರಬಹುದು. ದುಡಿಯುವ ಬಂಡವಾಳದ (ದಾಸ್ತಾನು, ಬರಬೇಕಾದ ಮತ್ತು ಕೊಡಬೇಕಾದ ಬಾಕಿಗಳ) ಬದಲಾವಣೆಗೆ ಮುಂಚಿನ ಅಂಕಿಯನ್ನೇ ಹೋಲಿಸಿ. ಗಣಿಯಲ್ಲಿ ಶೇ 40 ಪಾಲು ಬೇರೆಯವರದಾಗಿದ್ದರೆ ಮಾತೃಸಂಸ್ಥೆ, ಅಂಗಸಂಸ್ಥೆಗಳನ್ನು ಒಟ್ಟುಗೂಡಿಸಿದ ಕ್ರೋಡೀಕೃತ ಲೆಕ್ಕದಲ್ಲಿ ಪೂರ್ತಿ ನಗದು ಕಾಣುತ್ತದೆ, ಆದರೆ ಅದರಲ್ಲಿ ಅಷ್ಟು ಅವರದ್ದೇ. ಮಾತೃಸಂಸ್ಥೆಯ ಸಾಲವಾದರೋ ಪೂರ್ತಿ ನಿಮ್ಮ ಕಂಪನಿಯ ತಲೆಯ ಮೇಲೆ.

ಪ್ರಶ್ನೆ: ಚಿನ್ನದ ಬೆಲೆ ಏರುತ್ತಿದ್ದರೆ ಸಾಲದ ಚಿಂತೆ ಇಲ್ಲ ತಾನೇ?

ಉತ್ತರ: ಮೊದಲು ವರದಿಯ ಹೆಡ್ಜಿಂಗ್ ಟಿಪ್ಪಣಿ ಓದಿ. ಮುಂದೆ ತೆಗೆಯುವ ಚಿನ್ನದ ಬೆಲೆಯನ್ನು ಈಗಲೇ ನಿಗದಿ ಮಾಡಿಕೊಳ್ಳುವುದೇ ಹೆಡ್ಜಿಂಗ್. 1999ರ ಸೆಪ್ಟೆಂಬರ್ 26ರಂದು ಯುರೋಪಿನ ಕೇಂದ್ರೀಯ ಬ್ಯಾಂಕುಗಳು ತಮ್ಮ ಚಿನ್ನದ ಮಾರಾಟಕ್ಕೆ ಮಿತಿ ಹಾಕಿಕೊಂಡವು. ಬೆಲೆ ಕೆಲವೇ ದಿನಗಳಲ್ಲಿ 300 ಡಾಲರ್ ದಾಟಿತು. ಘಾನಾದ ಅಶಾಂತಿ ಗೋಲ್ಡ್‌ಫೀಲ್ಡ್ಸ್ ಚಿನ್ನ ತೆಗೆಯುವ ಕಂಪನಿಯೇ ಆದರೂ ಸಂಭ್ರಮಿಸಲಿಲ್ಲ. ಅದರ ಹೆಡ್ಜ್ ಒಪ್ಪಂದಗಳು ಭಾರೀ ನಷ್ಟಕ್ಕೆ ತಿರುಗಿ, ಬ್ಯಾಂಕುಗಳು ಆ ನಷ್ಟಕ್ಕೆ ಭದ್ರತೆಯಾಗಿ ಮಾರ್ಜಿನ್ ಹಣ ಕೇಳಿದವು. ಚಿನ್ನ ನೆಲದೊಳಗಿತ್ತು, ಹಣ ಈಗಲೇ ಬೇಕಿತ್ತು. 2004ರಲ್ಲಿ ಅದು ಆಂಗ್ಲೋಗೋಲ್ಡ್ ಜತೆ ವಿಲೀನವಾಯಿತು. ಎಷ್ಟು ಔನ್ಸ್, ಯಾವ ಬೆಲೆಗೆ, ಯಾವ ವರ್ಷದವರೆಗೆ ಬದ್ಧವಾಗಿದೆ, ಮಾರ್ಜಿನ್ ಷರತ್ತು ಇದೆಯೇ ಎಂಬ ನಾಲ್ಕೂ ಟಿಪ್ಪಣಿಯಲ್ಲಿ ಸಿಗಬೇಕು.

ಪ್ರಶ್ನೆ: ಸ್ಟ್ರೀಮಿಂಗ್ ಒಪ್ಪಂದವನ್ನು ಸಾಲವೆಂದು ಎಣಿಸಬೇಕೇ?

ಉತ್ತರ: ಮುಂಗಡ ಪಡೆದು, ಮುಂದೆ ತೆಗೆಯುವ ಚಿನ್ನದ ಪಾಲನ್ನು ಅಗ್ಗಕ್ಕೆ ಕೊಡುವ ಒಪ್ಪಂದವಿದು. ಲೆಕ್ಕಪತ್ರದಲ್ಲಿ ಇದು ಹಲವು ಸಲ ಸಾಲದ ಸಾಲಿನಲ್ಲಿರದೆ ಮುಂದೂಡಿದ ಆದಾಯವಾಗಿ ಕೂತಿರುತ್ತದೆ. ಕೊಡಬೇಕಾದ ಔನ್ಸ್‌ಗಳನ್ನು ಮಾರುಕಟ್ಟೆ ಬೆಲೆಗೂ ಒಪ್ಪಂದದ ಬೆಲೆಗೂ ಇರುವ ಅಂತರದಿಂದ ಗುಣಿಸಿ, ಪ್ರತಿ ವರ್ಷದ ನಗದಿನಿಂದ ಕಳೆಯಿರಿ. ಹಾಗೆ ಕಳೆದ ಮೇಲೆ ಸಾಲಕ್ಕೂ ಸೇರಿಸಬೇಡಿ, ಎರಡು ಸಲ ಎಣಿಸಿದಂತಾಗುತ್ತದೆ.