ಪ್ಯಾನೆಲ್ ಹೊಳೆದರೆ ಕರೆಂಟ್ ನಷ್ಟವೇ?

ಗದಗದ ನಿಮ್ಮ ಮನೆ ಮೇಲಿನ ಸೋಲಾರ್ ಪ್ಯಾನೆಲ್ ಸಂಜೆ ಕನ್ನಡಿ ಹಾಗೆ ಹೊಳೆಯುತ್ತದೆ, ಬಿಸಿಲೆಲ್ಲ ವಾಪಸ್ ಹೋಗ್ತಿದೆಯಾ ಅಂತ ಕೇಳಿದ್ದೀರಿ. ಹೆದರಬೇಡಿ. ಬಿಸಿಲು ತೀರಾ ಓರೆಯಾಗಿ ಬಿದ್ದರೆ ಯಾವ ಗಾಜಾದರೂ ಹೊಳೆಯುತ್ತದೆ. ಭೀಷ್ಮ ಕೆರೆಯ ನೀರೂ ಹೊತ್ತು ಮುಳುಗುವಾಗಲೇ ಜಾಸ್ತಿ ಕಣ್ಣು ಕುಕ್ಕುತ್ತದೆ ಅಲ್ವಾ? ಅದೇ ಲೆಕ್ಕ.

ಪ್ಯಾನೆಲ್ಲಿನಲ್ಲಿ ಬಿಸಿಲನ್ನು ಕರೆಂಟ್ ಮಾಡುವ ವಸ್ತು ಸಿಲಿಕಾನ್. ಬರೀ ಸಿಲಿಕಾನ್ ಆದರೆ ಶೇ. 30ಕ್ಕೂ ಜಾಸ್ತಿ ಬೆಳಕನ್ನು ವಾಪಸ್ ಎಸೆಯುತ್ತದೆ. ಅದಕ್ಕೇ ಮೇಲೆ ಸಿಲಿಕಾನ್ ನೈಟ್ರೈಡ್ ಲೇಪ ಕೊಡುತ್ತಾರೆ, ದಪ್ಪ ಸುಮಾರು 75 ನ್ಯಾನೊಮೀಟರ್ ಅಷ್ಟೇ. ಪ್ಯಾನೆಲ್ಲಿನ ನೀಲಿ ಬಣ್ಣ ಈ ಲೇಪದ್ದೇ. ನೆತ್ತಿ ಬಿಸಿಲಲ್ಲಿ ವಾಪಸ್ ಹೋಗುವುದು ತೀರಾ ಕಡಿಮೆ.

ನೀವು ನೋಡಬೇಕಾದ್ದು ಧೂಳನ್ನು. ಜೋಳದ ರಾಶಿ ಮಾಡುವ ದಿನಗಳಲ್ಲಿ ನಮ್ಮ ಪ್ಯಾನೆಲ್ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಬೆಳಗ್ಗೆ ಗಾಜು ತಣ್ಣಗಿರುವಾಗ ಮೆತ್ತನೆ ಬಟ್ಟೆ, ಬರೀ ನೀರು ಸಾಕು.