ಶೈಲಾಕನ ಪರವಾಗಿಯೂ ಮಾತಾಡುವ ಮಕ್ಕಳು

ಇಲ್ಲಿನ ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಹೇಗೆ ಕಲಿಸಲಿ, ಯಾರಿಗೆ ಮೊದಲು ಸಹಾಯ ಮಾಡಲಿ ಅಂತ ನೀವು ಕೇಳಿದ್ದಕ್ಕೆ ಎರಡು ಸಾಲಲ್ಲಿ ಉತ್ತರ ಕೊಡಲಿಕ್ಕೆ ಆಗುವುದಿಲ್ಲ, ಸ್ವಲ್ಪ ಉದ್ದವೇ ಬರೆಯುತ್ತೇನೆ. ದಾವಣಗೆರೆಯಿಂದ ವರ್ಗವಾಗಿ ಮಂಗಳೂರಿಗೆ ಬಂದಿದ್ದೀರಿ, ಸಂಜೆ ಹೊತ್ತು ಅಕ್ಕಪಕ್ಕದ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಪದ್ಯ, ನಾಟಕ ಹೇಳಿಕೊಡುತ್ತಿದ್ದೀರಿ. ಇಲ್ಲಿನ ಮಕ್ಕಳು ಮಾರ್ಕ್ಸ್ ತೆಗೆಯುತ್ತಾರೆ, ಆದರೆ ಪದ್ಯದ ಬಗ್ಗೆ ಏನಾದರೂ ಕೇಳಿದರೆ ಬಾಯಿ ಬಿಡುವುದಿಲ್ಲ ಅಂದಿರಿ. ಮಾರ್ಕ್ಸಿನ ಮಾತು ನಿಜ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಆದರೆ ಬಾಯಿ ಬಿಡುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನೀವು ಯಾವ ಭಾಷೆಯಲ್ಲಿ ಕೇಳಿದಿರಿ ಅನ್ನುವುದರ ಮೇಲೆ ಅದು ಹೋಗುತ್ತದೆ.

ನಾನಿರುವುದು ಮಂಗಳೂರಿನ ಪಕ್ಕದ ತೊಕ್ಕೊಟ್ಟು ಕಡೆ. ಇಲ್ಲಿ ಒಂದೇ ಬೆಂಚಿನಲ್ಲಿ ಕೂತ ನಾಲ್ಕು ಮಕ್ಕಳ ಮನೆಮಾತು ನಾಲ್ಕು ಆಗಿರುವುದು ಮಾಮೂಲು: ತುಳು, ಬ್ಯಾರಿ, ಕೊಂಕಣಿ, ಮಲಯಾಳ. ಕನ್ನಡ ಹೆಚ್ಚಿನವರಿಗೆ ಶಾಲೆಯ ಭಾಷೆ, ಚೆನ್ನಾಗಿಯೇ ಬರುತ್ತದೆ, ಆದರೆ ಪುಸ್ತಕದ ಕನ್ನಡ. ಜಗಳ ಮಾಡುವುದು, ಅಳುವುದು, ತಮಾಷೆ ಮಾಡುವುದು ಎಲ್ಲ ಮನೆಮಾತಿನಲ್ಲಿ. ಹಾಗಾಗಿ ನೀವು ಇಂಗ್ಲಿಷ್ ಪದ್ಯವನ್ನು ಕನ್ನಡದಲ್ಲಿ ವಿವರಿಸಿ "ಅರ್ಥ ಆಯ್ತಾ" ಅಂದರೆ "ಆಯ್ತು ಸರ್" ಅನ್ನುತ್ತಾರೆ, ಅಷ್ಟೇ. ಅವರವರೇ ಒಳಗೊಳಗೆ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡಲು ಬಿಡಿ. ನಿಮಗೆ ಅರ್ಥ ಆಗದಿದ್ದರೂ ಪರವಾಗಿಲ್ಲ. ಐದು ನಿಮಿಷ ಬಿಟ್ಟು ನೋಡಿ, ಕ್ಲಾಸಿನ ಸದ್ದೇ ಬೇರೆ ಆಗುತ್ತದೆ.

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ ಉಂಟು. ಯಾವ ಮಗು ಯಾವ ಸಿಲೆಬಸ್ ಅಂತ ಕೇಳಿಕೊಳ್ಳಿ. ರಾಜ್ಯದ ಸಿಲೆಬಸ್‌ನಲ್ಲೇ ಇಂಗ್ಲಿಷ್ ಮೊದಲ ಭಾಷೆಯಾದರೆ 125 ಅಂಕ, ಎರಡನೇ ಭಾಷೆಯಾದರೆ 100, ಪುಸ್ತಕವೂ ಬೇರೆ. ಐಸಿಎಸ್‌ಇ ಮಕ್ಕಳಿಗೆ ಸಾಹಿತ್ಯಕ್ಕೇ ಬೇರೆ ಪೇಪರ್, 80 ಅಂಕ ಬರವಣಿಗೆಗೆ, 20 ಪ್ರಾಜೆಕ್ಟಿಗೆ. ಸಿಬಿಎಸ್‌ಇಯಲ್ಲಿ ಭಾಷೆ, ಸಾಹಿತ್ಯ ಒಂದೇ ಪೇಪರಿನಲ್ಲಿ ಸೇರಿರುತ್ತದೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದೇ ನೋಟ್ಸ್ ಕೊಟ್ಟರೆ ಅರ್ಧ ಮಕ್ಕಳಿಗೆ ಪ್ರಯೋಜನ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಬಯಲುಸೀಮೆಯವರು, ತಾಳಮದ್ದಳೆ ಕೇಳಿದ್ದೀರೋ ಇಲ್ಲವೋ ಗೊತ್ತಿಲ್ಲ. ಯಕ್ಷಗಾನದ ಕಥೆಯೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯ ಹಿಡಿದುಕೊಂಡು ಅಲ್ಲೇ ಮಾತು ಕಟ್ಟುತ್ತಾರೆ, ಬರೆದಿಟ್ಟುಕೊಂಡ ಸಂಭಾಷಣೆ ಇರುವುದಿಲ್ಲ. ವಾಲಿ ಸಾಯುತ್ತಾ ಬಿದ್ದಿರುತ್ತಾನೆ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ನ್ಯಾಯ ಅಂತ ರಾಮನನ್ನೇ ಕೇಳುತ್ತಾನೆ, ರಾಮ ಉತ್ತರ ಕೊಡಲೇಬೇಕು. ರಾಮ ದೇವರು ಅಂತ ವಾಲಿಯ ಅರ್ಥಧಾರಿ ಮಾತು ಕಡಿಮೆ ಮಾಡುವುದಿಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಮಾತನ್ನು ನಮ್ಮ ಕಡೆಯ ಹಿರಿಯರು ಈಗಲೂ ನೆನೆಯುತ್ತಾರೆ. ಇದನ್ನೆಲ್ಲ ಅಜ್ಜನ ಪಕ್ಕ ಕೂತು, ಅರ್ಧ ನಿದ್ದೆಯಲ್ಲಾದರೂ ಕೇಳಿದ ಮಕ್ಕಳು ಇನ್ನೂ ಇದ್ದಾರೆ. ಕೇಳದವರಿಗೂ ಎರಡು ಮಾತಲ್ಲಿ ಹೇಳಿದರೆ ಸಾಕು, ತಕ್ಷಣ ಹಿಡಿದುಕೊಳ್ಳುತ್ತಾರೆ.

ರಾಜ್ಯದ ಹತ್ತನೇ ಕ್ಲಾಸಿನ ಎರಡನೇ ಭಾಷೆಯ ಇಂಗ್ಲಿಷ್ ಪುಸ್ತಕದಲ್ಲಿ ಶೇಕ್ಸ್‌ಪಿಯರನ ಮರ್ಚೆಂಟ್ ಆಫ್ ವೆನಿಸ್ ನಾಟಕದ ತುಂಡೊಂದು ಪದ್ಯವಾಗಿ ಉಂಟು. ಪೋರ್ಶಿಯಾ ವಕೀಲನ ವೇಷದಲ್ಲಿ ಬಂದು ಕರುಣೆಯ ಬಗ್ಗೆ ಆಡುವ ಮಾತು. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಗೆ ಅದೂ ಬೇಕು. ಆದರೆ ಯಾರಿಗೆ ಹೇಳುತ್ತಿದ್ದಾಳೆ, ಯಾಕೆ ಹೇಳುತ್ತಿದ್ದಾಳೆ ಅಂತ ಕೇಳಿದರೆ ಗೈಡಿನ ಒಂದು ಸಾಲು ಬರುತ್ತದೆ. ಅದಕ್ಕೆ ಕೋರ್ಟಿನ ಕಥೆ ಪೂರ್ತಿ ಹೇಳಿ. ಸಾಲ ತೀರಿಸದಿದ್ದರೆ ಮೈಯ ಒಂದು ಪೌಂಡ್ ಮಾಂಸ ಕೊಡಬೇಕು ಅಂತ ಬಡ್ಡಿಗೆ ಸಾಲ ಕೊಡುವ ಯಹೂದಿ ಶೈಲಾಕ್ ವ್ಯಾಪಾರಿ ಆಂಟೋನಿಯೋನಿಂದ ಬರೆಸಿಕೊಂಡ ಪತ್ರ, ಎಲ್ಲವನ್ನೂ ಹೇಳಿ. ಆಮೇಲೆ ಒಬ್ಬರನ್ನು ಪೋರ್ಶಿಯಾ, ಒಬ್ಬರನ್ನು ಶೈಲಾಕ್ ಮಾಡಿ ತಾಳಮದ್ದಳೆಯ ಹಾಗೆ ಎದುರುಬದುರು ಕೂರಿಸಿ, ಯಾವ ಭಾಷೆಯಲ್ಲಾದರೂ ಮಾತಾಡಿ ಅನ್ನಿ. ಒಂದು ಷರತ್ತು ಮಾತ್ರ ಇಡಿ: ನಾಟಕದಲ್ಲಿ ಇಲ್ಲದ್ದನ್ನು ತರುವ ಹಾಗಿಲ್ಲ.

ಶೈಲಾಕನಾದ ಹುಡುಗ ಮೊದಲು ಸುಮ್ನೆ ಕೂರುತ್ತಾನೆ. ಆಗ ಅವನಿಗೆ ಎರಡು ಜಾಗ ತೋರಿಸಿ. ಆಂಟೋನಿಯೋ ತನ್ನ ಮೇಲೆ ಉಗುಳಿದ್ದನ್ನು, ನಾಯಿ ಅಂದದ್ದನ್ನು ಶೈಲಾಕ್ ಮೊದಲ ಅಂಕದಲ್ಲೇ ಹೇಳುತ್ತಾನೆ. ಕೋರ್ಟಿನಲ್ಲಿ, ನೀವು ದುಡ್ಡು ಕೊಟ್ಟು ಕೊಂಡ ಗುಲಾಮರನ್ನು ಬಿಟ್ಟುಬಿಡಿ ಅಂತ ನಾನು ಹೇಳಿದರೆ ಕೇಳುತ್ತೀರಾ ಅಂತ ಸವಾಲು ಹಾಕುತ್ತಾನೆ. ಇಷ್ಟು ಸಿಕ್ಕಿದರೆ ನಮ್ಮ ಮಕ್ಕಳಿಗೆ ಸಾಕು ಮಾರಾಯ್ರೆ, ಪೋರ್ಶಿಯಾ ಬೆವರುತ್ತಾಳೆ! ಆಮೇಲೆ ಇನ್ನೊಂದು ಕೇಳಿ. ಕರುಣೆಯ ಬಗ್ಗೆ ಅಷ್ಟು ಚಂದ ಮಾತಾಡಿದ ಮೇಲೆ, ಕೊನೆಗೆ ಶೈಲಾಕನ ಆಸ್ತಿಯೂ ಕೈತಪ್ಪಿ, ಧರ್ಮವನ್ನೂ ಬಿಡಬೇಕು ಅಂತ ತೀರ್ಪಾಯಿತಲ್ಲ, ಅಲ್ಲಿ ಕರುಣೆ ಎಲ್ಲಿ ಹೋಯಿತು? ಇಗರ್ಜಿ, ಮಸೀದಿ, ದೈವಸ್ಥಾನ ಒಂದೇ ರಸ್ತೆಯಲ್ಲಿರುವ ಊರಿನ ಮಕ್ಕಳು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಂತ ಹೆದರಿ ಈ ಪ್ರಶ್ನೆಯನ್ನು ಬಿಡಬೇಡಿ. ನನ್ನ ಪ್ರಕಾರ ಇಡೀ ಪಾಠದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದೇ, ಗೈಡಿನಲ್ಲಿ ಮಾತ್ರ ಸಿಗುವುದಿಲ್ಲ.

ಅದೇ ಪದ್ಯದಲ್ಲಿ ಕರುಣೆ ಆಕಾಶದಿಂದ ಮೆತ್ತಗೆ ಬೀಳುವ ಮಳೆಯ ಹಾಗೆ ಅಂತ ಬರುತ್ತದಲ್ಲ, ಒಬ್ಬಳು ಹುಡುಗಿ ಕೇಳಿದಳು, "ಟೀಚರ್, ಮಳೆ ಮೆತ್ತಗೆ ಎಲ್ಲಿ ಬೀಳುತ್ತದೆ?" ಜೂನ್ ತಿಂಗಳಲ್ಲಿ ಶೀಟಿನ ಮನೆಯಲ್ಲಿ ಇರುವವಳು ಅವಳು, ಮಳೆ ಬಂದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಅದನ್ನೇ ಬರೆ ಅಂದೆ. ಶೇಕ್ಸ್‌ಪಿಯರನ ಮಳೆ ಹೇಗೆ, ನಮ್ಮ ಮಳೆ ಹೇಗೆ, ಯಾವುದು ಕರುಣೆಗೆ ಹೊಂದುತ್ತದೆ ಅಂತ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದಳು. ಗ್ರಾಮರ್ ತಪ್ಪು ಇತ್ತು, ತಿದ್ದಿದೆವು. ಆದರೆ ಆ ನಾಲ್ಕು ಸಾಲು ಅವಳದ್ದೇ.

ಬರೆಯುವುದೇ ಇಲ್ಲಿನ ದೊಡ್ಡ ಕಷ್ಟ. ಬಾಯಲ್ಲಿ ಬಂದದ್ದು ಪೇಪರಿಗೆ ಇಳಿಯುವುದಿಲ್ಲ. ಮಾತು ಮುಗಿದ ಕೂಡಲೇ, ಬಿಸಿ ಇರುವಾಗಲೇ, ಹತ್ತು ನಿಮಿಷ ಕೊಟ್ಟು ಬರೆಸಿ. ಮೊದಲು ನಿನ್ನ ಮಾತು ಏನು, ಆಮೇಲೆ ಅದು ಪಾಠದ ಯಾವ ಸಾಲಿನಿಂದ ಬಂತು, ಆಮೇಲೆ ಯಾಕೆ ಹಾಗೆ ಅನಿಸಿತು. ರೆಫರೆನ್ಸ್ ಟು ಕಾಂಟೆಕ್ಸ್ಟ್ ಪ್ರಶ್ನೆಗೂ ಇದೇ ಅಭ್ಯಾಸ ಸಾಕಾಗುತ್ತದೆ, ಯಾರು ಯಾರಿಗೆ ಯಾವಾಗ ಹೇಳಿದ್ದು ಅನ್ನುವುದು ನಾಟಕ ಆಡಿದವರಿಗೆ ಮರೆಯುವುದಿಲ್ಲ. ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ ಇರುವ ಪಾಸಿಂಗ್ ಪ್ಯಾಕೇಜ್ ಅಂತ ಶಾಲೆಯಲ್ಲಿ ಕೊಡುತ್ತಾರಲ್ಲ, ಅದನ್ನು ಬೈಯಬೇಡಿ. ತೀರಾ ಕಷ್ಟದಲ್ಲಿರುವ ಮಗುವಿಗೆ ಅದೇ ಆಸರೆ. 70 ತೆಗೆಯುವ ಮಗುವೂ ಅದನ್ನೇ ಹಿಡಿದು ಕೂತರೆ ಮಾತ್ರ ಬಿಡಿಸಿ.

ಪ್ರಾಜೆಕ್ಟ್ ನೀವು ಬರೆದುಕೊಡಬೇಡಿ, ಅಪ್ಪ ಅಮ್ಮ ಎಷ್ಟು ಕೇಳಿದರೂ. ಅದೇ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ವಯಸ್ಸಾದ ಮೇಲೂ ಮರ ಹತ್ತುವ ಅಜ್ಜಿಯ ಬಗ್ಗೆ ರಸ್ಕಿನ್ ಬಾಂಡ್ ಅವರ ಪದ್ಯ ಉಂಟು. ಮನೆಗೆ ಹೋಗಿ ನಿಮ್ಮಜ್ಜಿ ಯಾವ ಮರ ಹತ್ತಿದ್ದರು ಕೇಳಿಕೊಂಡು ಬನ್ನಿ ಅಂದರೆ ಗೇರು, ಪುನರ್ಪುಳಿ, ಹಲಸು ಎಲ್ಲ ಬರುತ್ತದೆ, ಪ್ರಾಜೆಕ್ಟ್ ತಾನಾಗಿ ಆಗುತ್ತದೆ.

ಟೈಮಿನ ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ, ಅದಕ್ಕೆ ಹೇಳುತ್ತೇನೆ. ಜನವರಿ, ಫೆಬ್ರವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ. ಅದೇ ಹೊತ್ತಿಗೆ ಊರಲ್ಲಿ ಕೋಲ, ನೇಮ, ಬಯಲಾಟ, ಜಾತ್ರೆ ಎಲ್ಲ. ಮನೆಯ ದೈವದ ನೇಮ ಇದ್ದರೆ ಮಗು ಬರುವುದಿಲ್ಲ, ಬರಬೇಕು ಅಂತ ಹಟ ಮಾಡಬೇಡಿ. ಈಗಿನ ವರ್ಷಗಳಲ್ಲಿ ರಂಜಾನ್ ಉಪವಾಸವೂ ಪರೀಕ್ಷೆಯ ಆಸುಪಾಸಿಗೇ ಬರುತ್ತಿದೆ, ಬ್ಯಾರಿ ಮಕ್ಕಳಿಗೆ ಸಂಜೆ ಕ್ಲಾಸ್ ಇಟ್ಟರೆ ಕಷ್ಟ, ಬೆಳಗ್ಗೆ ಇಡಿ. ಹೊಸ ಪಾಠವನ್ನೆಲ್ಲ ಡಿಸೆಂಬರ್ ಒಳಗೆ ಮುಗಿಸಿ, ಆಮೇಲೆ ಹಳೆ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟುಕೊಂಡು ಬರೆಸುವುದು, ಅಷ್ಟೇ.

ಇನ್ನು ತಲಪಾಡಿ ಗಡಿಯ ಆಚೆಯ, ಕೇರಳದ ಕಾಸರಗೋಡು ಕಡೆಯ ಮಕ್ಕಳು. 1956ರ ತನಕ ಕಾಸರಗೋಡೂ ನಮ್ಮ ಜಿಲ್ಲೆಯೇ ಆಗಿತ್ತು. ಈಗ ಮಂಜೇಶ್ವರ ಕಡೆಯ ಕನ್ನಡ ಮೀಡಿಯಂ ಮಕ್ಕಳು ಕನ್ನಡದಲ್ಲಿ ಓದಿ ಕೇರಳದ ಎಸ್‌ಎಸ್‌ಎಲ್‌ಸಿ ಬರೆಯುತ್ತಾರೆ, ಇಂಗ್ಲಿಷ್ ಪುಸ್ತಕವೂ ಕೇರಳದ್ದೇ. ಗೈಡಿನಲ್ಲಿ, ಯೂಟ್ಯೂಬಿನಲ್ಲಿ ವಿವರಣೆ ಸಿಗುವುದು ಮಲಯಾಳದಲ್ಲೇ ಜಾಸ್ತಿ. ಮನೆಯಲ್ಲಿ ತುಳು ಮಾತಾಡಿ ಕನ್ನಡದಲ್ಲಿ ಓದುವ ಮಗು ಅದನ್ನು ಕೇಳಿ ಏನು ಮಾಡಬೇಕು? ಹತ್ತನೇ ಮುಗಿಸಿ ಅವರಲ್ಲಿ ತುಂಬಾ ಮಂದಿ ಪಿಯುಸಿಗೆ ಮಂಗಳೂರಿಗೇ ಬರುತ್ತಾರೆ. ನೀವು ಯಾರಿಗೆ ಮೊದಲು ಸಹಾಯ ಮಾಡಲಿ ಅಂತ ಕೇಳಿದ್ದೀರಲ್ಲ, ನಾನು ಇವರನ್ನೇ ತೋರಿಸುತ್ತೇನೆ. ಕೇರಳದ ಪರೀಕ್ಷೆಯಲ್ಲಿ ಮೊದಲ 15 ನಿಮಿಷ ಬರೆಯುವ ಹಾಗಿಲ್ಲ, ಪ್ರಶ್ನೆ ಓದಿಕೊಳ್ಳಲಿಕ್ಕೆ ಬಿಡುತ್ತಾರೆ. ಆ ಹೊತ್ತಿನಲ್ಲಿ ಯಾವ ಪ್ರಶ್ನೆ ಆರಿಸಬೇಕು ಅಂತ ಯೋಚಿಸುವುದನ್ನೂ ಕಲಿಸಬೇಕು, ಸುಮಾರು ಮಕ್ಕಳು ಸುಮ್ನೆ ಕೂತು ಹೆದರುತ್ತಾರೆ.

ಶನಿವಾರ ಮಧ್ಯಾಹ್ನ ಆ ಕಡೆಯ ಕೆಲವು ಮಕ್ಕಳು ನನ್ನಲ್ಲಿಗೆ ಬರುತ್ತಾರೆ. ನೀವೂ ಒಮ್ಮೆ ಬನ್ನಿ. ಕೇರಳದ ಹಳೆ ಪ್ರಶ್ನೆಪತ್ರಿಕೆಗಳು ನನ್ನ ಹತ್ತಿರ ಉಂಟು, ಐಸಿಎಸ್‌ಇಯದ್ದು ನಿಮ್ಮಲ್ಲಿ ಇದ್ದರೆ ತನ್ನಿ, ಜೆರಾಕ್ಸ್ ಮಾಡಿಸಿಕೊಳ್ಳುತ್ತೇನೆ.